ಔಷಧ ಎಲ್ಲೆಲ್ಲಿ ಇಳಿಯಿತು

ಸವದತ್ತಿ

ಜಪಾನಿಗೆ ಹೊರಡುವ ಹಿಂದಿನ ದಿನ ಎಲ್ಲರೂ ನನಗೆ ಏನಾದರೊಂದು ಬುದ್ಧಿ ಹೇಳಿದರು. ಹಸಿ ಮೀನು ತಿನ್ನಬೇಡ ಎಂದಳು ಅವ್ವ. ಭೂಕಂಪವಾದರೆ ಮೇಜಿನ ಕೆಳಗೆ ಹೋಗಿ ಕೂರಬೇಕಂತೆ ಎಂದರು ಎದುರುಮನೆಯವರು. ನನ್ನ ಅಕ್ಕ ಕಸ್ತೂರಿ ಮಾತ್ರ ಬುದ್ಧಿ ಹೇಳಲಿಲ್ಲ. ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದವಳು ನನ್ನನ್ನು ಹತ್ತಿರ ಕರೆದು ಕೇಳಿದಳು:

"ಸುಮಿ, ನಿಮ್ಮ ಔಷಧ ಮೈಯಾಗ ಹೊಕ್ಕ ಮ್ಯಾಲ ಎಲ್ಲೆಲ್ಲಿ ಇಳಿತೈತಿ?"

ಅಕ್ಕ ಬಸ್ ಕಂಡಕ್ಟರ್. ಬೈಲಹೊಂಗಲದಿಂದ ಸವದತ್ತಿ, ಹೂಲಿ, ಕಟಕೋಳದ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ಆಯುಷ್ಯ ನಿಂತುಕೊಂಡೇ ಕಳೆದವಳು. ಅವಳ ಪಾಲಿಗೆ ಜಗತ್ತಿನಲ್ಲಿ ನಡೆಯುವುದು ಎರಡೇ, ಹತ್ತುವುದು ಮತ್ತು ಇಳಿಯುವುದು. ಮದುವೆಯಾದ ಹುಡುಗಿ ಗಂಡನ ಊರಲ್ಲಿ ಇಳಿಯುತ್ತಾಳೆ. ಪಾಸಾಗದ ಹುಡುಗ ಹತ್ತನೇ ಇಯತ್ತೆಯಲ್ಲೇ ಇಳಿಯುತ್ತಾನೆ. ತನ್ನ ಗಂಡ ಹೃದಯಾಘಾತದಿಂದ ಹೋದಾಗಲೂ, ಅವನು ನಡುವೆಯೇ ಇಳಿದುಬಿಟ್ಟ ಎಂದು ಹೇಳಿ ಅತ್ತವಳು.

ಅವಳ ಎದೆಯಲ್ಲಿ ಗಂಟು ಸಿಕ್ಕಿ, ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ, ಕಿಮೋದಲ್ಲಿ ಹೋದ ಕೂದಲು ಮತ್ತೆ ಬಂದು, ಅವಳು ಡ್ಯೂಟಿಗೂ ಹಾಜರಾಗಿದ್ದಳು. ಗೆದ್ದೆವು ಅಂದುಕೊಂಡಿದ್ದೆವು. ಒಂದು ದಿನ ಬಸ್ಸು ಕಟಕೋಳದಲ್ಲಿ ನಿಂತಾಗ ಅಕ್ಕ "ಹೂಲಿ, ಹೂಲಿ" ಎಂದು ಕೂಗಿದಳಂತೆ. ಜನ ನಕ್ಕರು, ಅವಳೂ ನಕ್ಕಳು. ಮರುವಾರ ಮತ್ತೆ ಹಾಗೆಯೇ ಆದಾಗ ಯಾರೂ ನಗಲಿಲ್ಲ. ಸ್ಕ್ಯಾನ್ ಮಾಡಿಸಿದರೆ ರೋಗ ತಲೆಗೆ ಹರಡಿತ್ತು. ನಮ್ಮ ಕಡೆಯವರು 'ಕರೆಂಟ್ ಕೊಡಿಸುವುದು' ಅನ್ನುವ ರೇಡಿಯೇಷನ್ ಆಯಿತು. ತಲೆನೋವು ಇಳಿಯಿತು, ಮರೆವು ಉಳಿಯಿತು. ಮೈಗೆಲ್ಲ ಹರಡುವ ಔಷಧ ಮಿದುಳಿಗೆ ಮಾತ್ರ ಸುಲಭವಾಗಿ ಹೋಗುವುದಿಲ್ಲ, ಅಲ್ಲಿಯ ರಕ್ತನಾಳಗಳ ಗೋಡೆ ಬಹಳ ಬಿಗಿ, ಹೊರಗಿನದನ್ನು ಒಳಗೆ ಬಿಡುವುದಿಲ್ಲ ಎಂದರು ಡಾಕ್ಟರು.

ಇದನ್ನು ಅವರು ನನಗೆ ಹೇಳಬೇಕಿರಲಿಲ್ಲ. ನಾನು ಪಶುವೈದ್ಯೆ. ಬೆಳಗಾವಿಯ ಒಂದು ಔಷಧ ಪ್ರಯೋಗಾಲಯದಲ್ಲಿ ಇಲಿಗಳ ಮೇಲ್ವಿಚಾರಣೆ ನನ್ನದು. ನಮ್ಮಲ್ಲಿ ಒಂದು ಹೊಸ ಕ್ಯಾನ್ಸರ್ ಔಷಧದ ಕೆಲಸ ನಡೆದಿತ್ತು. ಅದು ಆ ಬಿಗಿ ಗೋಡೆಯನ್ನು ದಾಟೀತು ಎಂಬುದೇ ಅದನ್ನು ಮಾಡಿದವರ ಆಸೆ. ದಾಟುತ್ತದೋ ಇಲ್ಲವೋ, ಮೈಯಲ್ಲಿ ಎಲ್ಲಿಗೆ ಹೋಗುತ್ತದೆ, ಯಾವ ದಾರಿಯಿಂದ ಹೊರಬೀಳುತ್ತದೆ ಎಂದು ಇಲಿಗಳಲ್ಲಿ ನೋಡುವ ಕೆಲಸ ಜಪಾನಿನ ತೊಯಾಮಾ ಎಂಬ ಊರಿನ ಪ್ರಯೋಗಾಲಯಕ್ಕೆ ಹೋಗಿತ್ತು. ಅದರ ಜೊತೆಗೆ ನಿಂತು ಕಲಿತು ಬರಲು ನನ್ನನ್ನು ಕಳಿಸುತ್ತಿದ್ದರು.

ಇಲಿ ದಾಟಿ, ನಾಯಿ ದಾಟಿ, ಔಷಧವೊಂದು ಮನುಷ್ಯರ ತನಕ ಬರಲು ವರ್ಷಗಟ್ಟಲೆ ಬೇಕು. ಅಷ್ಟು ದಿನ ಅಕ್ಕನ ಬಳಿ ಇಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಹೇಳಿದ್ದೆ. ಆದರೂ ನಾವಿಬ್ಬರೂ ಆಸೆಪಟ್ಟೆವು. ಆಸೆಗೆ ವಿಜ್ಞಾನ ಓದಿಸಲು ನನಗೆ ಬರಲಿಲ್ಲ.

"ಬಾಲದ ರಕ್ತನಾಳಕ್ಕ ಚುಚ್ಚತೇವಕ್ಕಾ," ಎಂದೆ. "ಅಲ್ಲೇ ಹತ್ತತೈತಿ. ಆಮ್ಯಾಲ ಲಿವರ್, ಕಿಡ್ನಿ, ಕರಳು."

"ತಲಿಗೆ?"

"ಅದನ್ನ ನೋಡಾಕ ಹೊಂಟೇನಿ."

"ನೋಡಿಕೊಂಡು ಬಾ. ಬಂದು ಖರೇ ಹೇಳಬೇಕು ಮತ್ತ. ನಾ ಯಾವ ಪ್ಯಾಸೆಂಜರಿಗೂ ಸುಳ್ಳು ಹೇಳಿಲ್ಲ. ಬಸ್ ಇಲ್ಲಂದ್ರ ಇಲ್ಲ ಅಂತ ಹೇಳೇನಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ರೊಟ್ಟಿ ಇಳಿದ ನಿಲ್ದಾಣ

ಟೋಕಿಯೊದಲ್ಲಿ ಇಳಿದಾಗ ನನ್ನ ಚೀಲವನ್ನು ಒಬ್ಬ ಯುವ ಅಧಿಕಾರಿ ಬಿಚ್ಚಿಸಿದ. ಬಿಳಿ ಕೈಗವಸು, ಇಸ್ತ್ರಿ ಮಾಡಿದ ಮುಖ. ಅವ್ವ ಬಟ್ಟೆಯಲ್ಲಿ ಸುತ್ತಿಕೊಟ್ಟಿದ್ದ ಕಟಕ್ ರೊಟ್ಟಿಯ ಗಂಟು ಮೇಲೆಯೇ ಇತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ತಟ್ಟಿದ. ಟಣ್ ಎಂದಿತು. ತಟ್ಟೆಗಳನ್ನು ಯಾಕೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

ತಟ್ಟೆಯಲ್ಲ, ಊಟ ಎಂದೆ. ಅವನು ನಂಬಲಿಲ್ಲ. ಇನ್ನೊಬ್ಬರನ್ನು ಕರೆದ, ಅವರೂ ತಟ್ಟಿ ನೋಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಸಿಟ್ಟಿನಿಂದ ಒಂದು ತುಂಡು ಮುರಿದು, ಶೇಂಗಾ ಚಟ್ನಿಪುಡಿ ಹಚ್ಚಿ, ಅವರ ಎದುರೇ ಕಟಕಟ ಅಗಿದು ತಿಂದೆ. ಇಬ್ಬರೂ ನಡು ಬಗ್ಗಿಸಿ ಕ್ಷಮೆ ಕೇಳಿದರು. ಬಗ್ಗಿದ ತಲೆ ಏಳುವುದೇ ಇಲ್ಲ, ಏನು ಮಾಡುವುದು ತಿಳಿಯದೆ ನಾನೂ ಬಗ್ಗಿದೆ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಆ ದೇಶಕ್ಕೆ ನಾನು ಮಾಡಿದ ಮೊದಲ ನಮಸ್ಕಾರ ಅದು.

ಅಲ್ಲಿಂದ ತೊಯಾಮಾದ ರೈಲು ಹತ್ತಿದ ಮೇಲೆ ಉಳಿದ ತುಂಡನ್ನು ತಿನ್ನಲು ತೆಗೆದು, ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟೆ. ನಾನು ಕಿತ್ತೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ ಆಗ ನಾವಿದ್ದ ಊರು ನೇಸರಗಿಯಿಂದ ಅಕ್ಕ ಪ್ರತಿ ರವಿವಾರ ಇಂಥದೇ ಗಂಟು ಹಿಡಿದು ಬರುತ್ತಿದ್ದಳು. ಕೋಟೆಯ ಮುರುಕು ಗೋಡೆಯ ನೆರಳಲ್ಲಿ ಇಬ್ಬರೂ ಕೂತು ತಿನ್ನುತ್ತಿದ್ದೆವು. ಅವಳು ತಿಂದಂತೆ ಮಾಡಿ ನನ್ನ ಕಡೆಗೆ ಸರಿಸುತ್ತಿದ್ದಳು. ರೈಲಿನ ಕಿಟಕಿಯಲ್ಲಿ ಯಾವುದೋ ಕೋಟೆ ಕಂಡಿತು. ಒಂದು ಕಲ್ಲೂ ಸಡಿಲಾಗಿರಲಿಲ್ಲ. ನನಗೆ ಕಿತ್ತೂರಿನ ಮುರುಕು ಗೋಡೆಯೇ ಬೇಕಾಗಿತ್ತು.

ತೊಯಾಮಾ

ತೊಯಾಮಾದ ಬೀದಿಗಳಲ್ಲಿ ಟ್ರಾಮ್ ಓಡುತ್ತದೆ. ಒಳಗೆ ಯಾರೂ ಮಾತಾಡುವುದಿಲ್ಲ. ಫೋನು ಹೊಡೆದುಕೊಳ್ಳುವುದಿಲ್ಲ, ಕೂಸುಗಳು ಕೂಡ ಅಳುವುದಿಲ್ಲ. ಸಂತೆಯ ದಿನ ನೇಸರಗಿಯಿಂದ ಹೊರಡುವ ಬಸ್ಸಿನಲ್ಲಿ ಕೋಳಿ, ಬದನೆಕಾಯಿ ಪುಟ್ಟಿ, ಬೀಗರ ಜಗಳ ಎಲ್ಲ ಒಂದೇ ಸೀಟಿನಲ್ಲಿ ಕೂತು ಬರುವುದನ್ನು ಕಂಡವಳಿಗೆ ಈ ಮೌನ ಸಾವಿನ ಮನೆಯದು ಅನ್ನಿಸಿತು.

ಮಾತಾಡುತ್ತಿದ್ದವನು ಒಬ್ಬನೇ, ಟ್ರಾಮ್ ಓಡಿಸುವವನು. ಅದೂ ತನ್ನಷ್ಟಕ್ಕೆ. ಸಿಗ್ನಲ್ ಬಂದರೆ ಬಿಳಿ ಕೈಗವಸಿನ ತೋರುಬೆರಳು ನೀಡಿ ಏನೋ ಹೇಳುತ್ತಾನೆ. ನಿಲ್ದಾಣ ಬಂದರೆ ಮತ್ತೆ ಬೆರಳು, ಮತ್ತೆ ಮಾತು. ಬಾಗಿಲು ಮುಚ್ಚಿದರೆ ಮತ್ತೆ. ಮೊದಲ ದಿನ ಇವನಿಗೆ ಏನೋ ಆಗಿದೆ ಎಂದು ನಾನು ಹಿಂದಿನ ಸೀಟಿಗೆ ಹೋದೆ. ಎರಡನೆಯ ದಿನದ ಡ್ರೈವರೂ ಹಾಗೆಯೇ ಮಾಡಿದ.

ಪ್ರಯೋಗಾಲಯದಲ್ಲಿ ನನ್ನ ಜೊತೆಗಾರ್ತಿ ಮೊರಿ ಇದನ್ನು ಬಿಡಿಸಿ ಹೇಳಿದಳು. ಅವಳದು ನನ್ನದೇ ವಯಸ್ಸು. ಇಂಗ್ಲಿಷನ್ನು ಒಂದೊಂದೇ ಪದ ತೂಗಿ ಆಡುತ್ತಿದ್ದಳು.

"ಕಣ್ಣು ನೋಡಿದ್ದನ್ನು ತಲೆ ಕೆಲವೊಮ್ಮೆ ಬಿಟ್ಟುಬಿಡುತ್ತದೆ. ಬೆರಳು ತೋರಿಸಿ, ಬಾಯಿಂದ ಹೇಳಿ, ಕಿವಿಯಿಂದ ಕೇಳಿದರೆ ಬಿಡುವುದಿಲ್ಲ. ನಾವೂ ಹಾಗೆಯೇ ಮಾಡುತ್ತೇವೆ."

ಹೌದು, ಇಲಿಗಳ ಕೋಣೆಯಲ್ಲಿಯೂ ಅವಳು ಹಾಗೆಯೇ ಮಾಡಿದಳು. ಪಂಜರದ ಸಂಖ್ಯೆಗೆ ಬೆರಳು ನೀಡಿ ಕೂಗಿದಳು, ಸಿರಿಂಜಿನ ಮೇಲಿನ ಗೆರೆಗೆ ಬೆರಳು ನೀಡಿ ಕೂಗಿದಳು, ಆಮೇಲೆಯೇ ಇಲಿಯನ್ನು ಎತ್ತಿದಳು. ನನಗೂ ಹಾಗೆ ಮಾಡಲು ಹೇಳಿದಳು. ಜಪಾನಿ ಸಂಖ್ಯೆಗಳು ನಾಲಿಗೆಗೆ ಹತ್ತದೆ ನಾನು ಕನ್ನಡದಲ್ಲಿ ಕೂಗತೊಡಗಿದೆ. ಯಾರೂ ಬೇಡ ಅನ್ನಲಿಲ್ಲ.

ಸಂಜೆ ಇದನ್ನೆಲ್ಲ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಟ್ರಾಮಿನ ಕತೆ ಕೇಳಿ ಅವಳು ಬಹಳ ನಕ್ಕಳು.

"ಯಾರಿಗೆ ಹೇಳತಾನಂವ?"

"ತನಗ ತಾನ."

"ಚಲೋ ಐತಿ," ಎಂದಳು. "ನಾನೂ ಹಂಗ ಮಾಡಿದ್ರ ಕಟಕೋಳ ತಪ್ಪತಿರಲಿಲ್ಲೇನೋ."

ಒಳಗೆ ಹೋದದ್ದು, ಹೊರಗೆ ಬಂದದ್ದು

ನನಗೆ ಕೋಣೆ ಬಾಡಿಗೆಗೆ ಕೊಟ್ಟ ಅಜ್ಜಿಯ ಹೆಸರು ಹಾನಾ. ನನ್ನ ಭಾಷೆ ಅವಳಿಗೆ ಬಾರದು, ಅವಳದು ನನಗೆ ಬಾರದು. ಆದರೂ ದಿನಾ ಬೈಸಿಕೊಂಡೆ. ಆ ಊರಿನಲ್ಲಿ ಕಸವನ್ನು ಒಂದೇ ಚೀಲಕ್ಕೆ ತುಂಬುವಂತಿಲ್ಲ. ಸುಡುವುದು ಬೇರೆ, ಸುಡದ್ದು ಬೇರೆ, ಬಾಟಲಿ ಬೇರೆ, ಬಾಟಲಿಯ ಮುಚ್ಚಳವೂ ಬೇರೆ, ಒಂದೊಂದಕ್ಕೆ ಒಂದೊಂದು ದಿನ. ನಾನು ಹೊರಗಿಟ್ಟ ಚೀಲವನ್ನು ಕಸದವರು ಕೆಂಪು ಚೀಟಿ ಅಂಟಿಸಿ ಬಿಟ್ಟು ಹೋಗುತ್ತಿದ್ದರು. ಹಾನಾ ಅಜ್ಜಿ ಅದನ್ನು ನನ್ನ ಬಾಗಿಲಿಗೆ ತಂದು, ನೆಲದ ಮೇಲೆ ಸುರಿದು, ಎದುರು ಕೂತು, ನನ್ನ ಕೈಯಿಂದಲೇ ಬೇರೆ ಬೇರೆ ಮಾಡಿಸುತ್ತಿದ್ದಳು. ನಮ್ಮ ಸವದತ್ತಿಯ ತಿಪ್ಪೆ ಎಷ್ಟು ದೊಡ್ಡ ಮನಸ್ಸಿನದು ಎಂದು ಆಗ ತಿಳಿಯಿತು.

ನಗು ಬರುವ ವಿಷಯವೆಂದರೆ, ಇಡೀ ದಿನ ನಾನು ಮಾಡುತ್ತಿದ್ದ ಕೆಲಸವೂ ಅದೇ. ಔಷಧ ಕೊಟ್ಟ ಇಲಿಗಳನ್ನು ಗಾಜಿನ ವಿಶೇಷ ಪಂಜರಗಳಲ್ಲಿ ಇಡುತ್ತಿದ್ದೆವು. ನೆಲದ ಜಾಗದಲ್ಲಿ ತಂತಿಯ ಜಾಳಿಗೆ, ಅದರ ಕೆಳಗೆ ಆಲಿಕೆ. ಇಲಿಯ ಉಚ್ಚೆ ಒಂದು ಕಡೆ ಇಳಿಯುತ್ತದೆ, ಹಿಕ್ಕೆ ಇನ್ನೊಂದು ಕಡೆ. ಕೆಲವು ಪಂಜರಗಳಲ್ಲಿ ಅದು ಬಿಡುವ ಉಸಿರನ್ನೂ ಕೊಳವೆಯಲ್ಲಿ ಹಿಡಿಯುತ್ತಾರೆ. ಔಷಧಕ್ಕೆ ಮೊದಲೇ ವಿಕಿರಣದ ಗುರುತು ಹಾಕಿರುವುದರಿಂದ ಅದು ಎಲ್ಲಿ ಅಡಗಿದರೂ ಯಂತ್ರಕ್ಕೆ ಗೊತ್ತಾಗುತ್ತದೆ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಮೈಯಲ್ಲಿ ಉಳಿದದ್ದೆಷ್ಟು, ಮೂರೂ ತಾಳೆಯಾಗಬೇಕು.

ನಮ್ಮ ಔಷಧದ ಬಹುಭಾಗ ಪಿತ್ತದ ಜೊತೆ ಕರುಳಿಗಿಳಿದು ಹಿಕ್ಕೆಯಲ್ಲೇ ಹೋಗುತ್ತಿತ್ತು. ಉಚ್ಚೆಯಲ್ಲಿ ಸ್ವಲ್ಪ. ಉಸಿರಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮೊರಿಗೆ ಸಮಾಧಾನವಾಯಿತು. ಔಷಧ ಮೈಯಲ್ಲೇ ಕೂತುಬಿಟ್ಟರೆ ಅದು ಬೇರೆ ರೋಗ ತರುತ್ತದೆ. ಬಂದ ಕೆಲಸ ಮುಗಿಸಿ ಹೊರಟುಹೋಗಬೇಕು.

ಅಕ್ಕನಿಗೆ ಹೇಳಿದಾಗ ಅವಳೂ ಒಪ್ಪಿದಳು. "ಕಡೀ ಸ್ಟಾಪಿಗೆ ಬಸ್ ಖಾಲಿ ಆಗಬೇಕು. ಮಲಕೊಂಡಾವ್ರ್ನ ಎಬ್ಬಿಸಿ ಇಳಸಬೇಕು. ಅದಿರ್ಲಿ, ತಲಿದು ಏನಾತು?"

"ಅದು ಇನ್ನೂ ಮುಂದೈತಿ."

"ಲಗೂ ನೋಡ," ಎಂದಳು. ಅವಳ ದನಿಯಲ್ಲಿ ಅವಸರ ಇರಲಿಲ್ಲ. ಆದರೆ ಆ ಕರೆಯಲ್ಲಿ ಅವಳು ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು. ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

ಇಲಿವಾರ

ನಮ್ಮ ಕಡೆ ಗಣಪತಿ ಕೂರಿಸಿದ ಮರುದಿನ ಇಲಿವಾರ. ಹಿಂದಿನ ದಿನ ಗಣಪ್ಪನಿಗೆ ಕಡುಬು, ಮರುದಿನ ಅವನ ಇಲಿಗೆ ಬಾಡಿನ ಅಡಿಗೆ. ಮನೆಯವರು ಉಣ್ಣುವ ಮೊದಲು ಒಂದು ಎಡೆಯನ್ನು ಬಟ್ಟೆಯ ಟ್ರಂಕಿನ ಹತ್ತಿರ ಮೂಲೆಯಲ್ಲಿ ಇಡುತ್ತಾರೆ. ವರ್ಷವಿಡೀ ನಮ್ಮ ಬಟ್ಟೆ ಕಡಿಯಬೇಡ ಎಂದು ಇಲಿಯನ್ನು ಕೇಳಿಕೊಳ್ಳುತ್ತಾರೆ. ನಮ್ಮಪ್ಪ ಬೌದ್ಧ. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಒಂದೇ ಇರಬೇಕು ಅನ್ನುವವನು, ಯಾರ ಮುಂದೆಯೂ ಬೇಡಬೇಡ, ಬುದ್ಧ ಏನನ್ನೂ ಕೊಡುವವನಲ್ಲ, ಕಣ್ಣು ತೆರೆದು ನೋಡು ಎಂದಷ್ಟೇ ಹೇಳುವವನು ಎಂದು ನಮಗೆ ಕಲಿಸಿದವನು. ಅವನು ಹೊರಗೆ ಹೋದ ಹೊತ್ತು ನೋಡಿ ಅವ್ವ ಮೂಲೆಯಲ್ಲಿ ಎಡೆ ಇಡುತ್ತಿದ್ದಳು. ಅಪ್ಪ ವಾಪಸು ಬಂದು, ಕಂಡೂ ಕಾಣದಂತೆ ಉಂಡು ಏಳುತ್ತಿದ್ದ. ಅವನು ತೀರಿಹೋದ ಮೇಲೂ ಅವ್ವ ಎಡೆಯನ್ನು ಮರೆಯಲ್ಲೇ ಇಡುತ್ತಾಳೆ.

ಆ ವರ್ಷ ಇಲಿವಾರದ ದಿನ ಬೆಳಿಗ್ಗೆಯೇ ಅವ್ವ ಫೋನು ಮಾಡಿದಳು.

"ಮಸಾಲಿ ಅರದೇನಿ. ನಿಮ್ಮಕ್ಕ ಒಲಿ ಮುಂದ ಕುಂತಾಳ. ನಿನ್ನ ಹತ್ರ ಇರೂ ಇಲಿಗೋಳಿಗೂ ಏನರ ಹಾಕವಾ ಇವತ್ತ."

"ಹಾಕಾಕ ಬರೂದಿಲ್ಲವ್ವ. ಅವಕ್ಕ ತೂಗಿದ ಕಾಳಷ್ಟ."

"ಹಬ್ಬದ ದಿನಾನೂ?"

ಅವತ್ತು ನಮ್ಮ ಕೆಲಸ ಬೇರೆಯೇ ಇತ್ತು. ಔಷಧ ಯಾವ ಯಾವ ಅಂಗದಲ್ಲಿ ಇಳಿಯಿತು ಎಂಬುದು ಹೊರಗೆ ಬಂದದ್ದರಿಂದ ತಿಳಿಯುವುದಿಲ್ಲ. ಅದಕ್ಕೆ ಇಲಿಯನ್ನು ಅರಿವಳಿಕೆಯ ನಿದ್ದೆಯಲ್ಲೇ ಸಾಯಿಸಿ, ಹಾಗೆಯೇ ಹೆಪ್ಪುಗಟ್ಟಿಸಿ, ಮೂಗಿನಿಂದ ಬಾಲದ ತನಕ ತೆಳ್ಳಗೆ ಹೋಳು ತೆಗೆಯಬೇಕು. ಆ ಹೋಳನ್ನು ಒಂದು ಫಲಕಕ್ಕೆ ಒತ್ತಿ ಕೆಲವು ದಿನ ಬಿಟ್ಟರೆ, ಔಷಧ ಇದ್ದಲ್ಲೆಲ್ಲ ಕಪ್ಪಗೆ ಮೂಡುತ್ತದೆ. ಇಲ್ಲದ ಕಡೆ ಬೆಳ್ಳಗೆ ಉಳಿಯುತ್ತದೆ.

ಇದು ನನ್ನ ವೃತ್ತಿ. ಎಷ್ಟೋ ಸಲ ಮಾಡಿದ್ದೇನೆ. ಅವತ್ತು ಅಂಗೈಯಲ್ಲಿ ಹಿಡಿದ ಇಲಿಯ ಬಿಸಿ ಹೊಟ್ಟೆ ಏರಿಳಿಯುವುದು ತಿಳಿದು, ಎತ್ತಿದ ಸಿರಿಂಜನ್ನು ಮತ್ತೆ ಇಳಿಸಿದೆ. ಊರಲ್ಲಿ ಇವತ್ತು ನಿನಗೆ ಎಡೆ ಇಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಹೇಳಿದೆ. "ಸುಮ್ನಿರವ್ವಾ, ಸುಮ್ನಿರು," ಎಂದು ಬಾಯಲ್ಲಿ ಬಂತು. ಮೊರಿ ನನ್ನ ಮುಖ ನೋಡಿ, ಸಿರಿಂಜನ್ನು ಕೈಯಿಂದ ತೆಗೆದುಕೊಂಡು, ಉಳಿದದ್ದನ್ನು ತಾನೇ ಮಾಡಿದಳು.

ಆಮೇಲೆ ಚಹಾ ಕುಡಿಯುವಾಗ ನಾನೇ ಅಕ್ಕನ ವಿಷಯ ಹೇಳಿದೆ. ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಮೊರಿ ಚಹಾದ ಬಟ್ಟಲನ್ನು ಕೆಳಗಿಟ್ಟು ನನಗೆ ಬಗ್ಗಿದಳು.

ಬಿಳಿ ಸೇವಂತಿಗೆ

ಫಲಕಗಳು ಕತ್ತಲ ಪೆಟ್ಟಿಗೆಯಲ್ಲಿದ್ದಾಗ, ಒಂದು ಮಧ್ಯಾಹ್ನ ಪ್ರಯೋಗಾಲಯದವರೆಲ್ಲ ಕಪ್ಪು ಬಟ್ಟೆ ತೊಟ್ಟು ಬಂದರು. ಯಾರೋ ಹಿರಿಯರು ತೀರಿಕೊಂಡರೇನೋ ಎಂದು ಗಾಬರಿಯಾದೆ. ತೀರಿಕೊಂಡದ್ದು ಇಲಿಗಳು, ಎಂದಳು ಮೊರಿ. ವರ್ಷಕ್ಕೊಮ್ಮೆ, ಪ್ರಯೋಗಕ್ಕೆ ಜೀವ ಕೊಟ್ಟ ಪ್ರಾಣಿಗಳ ನೆನಪಿಗೆ ಅವರು ಪೂಜೆ ಇಡುತ್ತಾರಂತೆ. ಹಿತ್ತಲಲ್ಲಿ ಪಾಚಿ ಹಿಡಿದ ಒಂದು ಕಲ್ಲಿದೆ, ಅಷ್ಟು ದಿನ ಅದರ ಪಕ್ಕದಲ್ಲೇ ಸೈಕಲ್ ನಿಲ್ಲಿಸುತ್ತಿದ್ದೆ. ಅವತ್ತು ಅದರ ಮುಂದೆ ಸೇಬು, ಗಜ್ಜರಿ, ಒಂದು ಬಟ್ಟಲು ಇಲಿಯ ಕಾಳು ಇಟ್ಟಿದ್ದರು. ಆ ಕಾಳನ್ನು ಯಾರೂ ತೂಗಿರಲಿಲ್ಲ.

ನಾನು ಕೋಣೆಗೆ ಓಡಿ ಕೊನೆಯ ಕಟಕ್ ರೊಟ್ಟಿಯನ್ನು ತಂದು ಬಟ್ಟಲಿನ ಪಕ್ಕದಲ್ಲಿಟ್ಟೆ. ಇಲಿವಾರದ ಎಡೆ ತಡವಾಗಿಯಾದರೂ ಮುಟ್ಟಿತು ಎಂದು ಸಮಾಧಾನವಾಯಿತು.

ಬೌದ್ಧ ಭಿಕ್ಷು ಒಬ್ಬರು ಮಂತ್ರ ಹೇಳಿದರು. ನೇಸರಗಿಯಲ್ಲಿ ಅಪ್ಪ ಹೇಳುತ್ತಿದ್ದ ವಂದನೆಯ ಒಂದಾದರೂ ಪದ ಸಿಕ್ಕೀತೇ ಎಂದು ಕಿವಿಗೊಟ್ಟೆ. ಸಿಗಲಿಲ್ಲ. ಆದರೆ ಆ ದನಿ ಏಳುವುದು, ಇಳಿಯುವುದು ಅಪ್ಪನದೇ ಅನ್ನಿಸಿ ಕಣ್ಣು ತುಂಬಿತು. ಒಬ್ಬೊಬ್ಬರೇ ಹೋಗಿ ಬಿಳಿ ಸೇವಂತಿಗೆ ಇಟ್ಟು, ಕೈಮುಗಿದು, ಕ್ಷಣ ಹೊತ್ತು ನಿಂತು ಬರುತ್ತಿದ್ದರು. ನನ್ನ ಸರದಿ ಬಂತು. ನಾನು ಹೂವಿಟ್ಟೆ, ಕೈಮುಗಿದೆ, ಕಣ್ಣು ಮುಚ್ಚಿದೆ, ಮತ್ತು ಅಲ್ಲಿಂದ ಸರಿಯಲೇ ಇಲ್ಲ. ಹಿಂದಿನವರು ಕಾಯಬೇಕಾಯಿತು.

ವಾಪಸು ಬರುವಾಗ ಮೊರಿ ಮೆಲ್ಲಗೆ ಕೇಳಿದಳು. "ಅಷ್ಟು ಹೊತ್ತು ಏನು ಹೇಳಿದೆ?"

"ಕೇಳಿಕೊಂಡೆ. ಔಷಧ ತಲೆಗೆ ಮುಟ್ಟಿರಲಿ ಅಂತ."

ಅವಳು ನಿಂತುಬಿಟ್ಟಳು. "ಅವುಗಳ ಹತ್ತಿರ ಕೇಳಿದೆಯಾ?"

"ಹೌದು. ನೀವು ಕೇಳುವುದಿಲ್ಲವೇ?"

"ಇಲ್ಲ. ನಾವು ಕೃತಜ್ಞತೆ ಹೇಳುತ್ತೇವೆ. ಕ್ಷಮೆ ಕೇಳುತ್ತೇವೆ." ಕಲ್ಲಿನ ಕಡೆ ತಿರುಗಿ ನೋಡಿದಳು. "ಎಲ್ಲವನ್ನೂ ತೆಗೆದುಕೊಂಡಾಗಿದೆ. ಇನ್ನೂ ಏನು ಕೇಳುವುದು?"

ಅವಳು ನನ್ನನ್ನು ಹಂಗಿಸಲಿಲ್ಲ. ಖರೇ ತಿಳಿಯದೆ ಕೇಳಿದ್ದಳು. ನನಗೆ ನಾಚಿಕೆಯಾಯಿತು. ದೇವರೆಂದರೆ, ಸತ್ತವರೆಂದರೆ, ಇಲಿಯೆಂದರೂ ಕೈಮುಗಿದೊಡನೆ ಬೇಡುವುದೊಂದೇ ನನಗೆ ಗೊತ್ತು. ಬೇಡಬೇಡ ಎಂದ ಅಪ್ಪನ ಮಗಳು, ಬೌದ್ಧರ ದೇಶಕ್ಕೆ ಹೋಗಿ ಇಲಿಯ ಮುಂದೆ ಬೇಡಿ ಬಂದಿದ್ದೆ. ಆದರೆ ಒಂದು ಮಾತು ಹೇಳುತ್ತೇನೆ. ಮತ್ತೆ ಆ ಕಲ್ಲಿನ ಮುಂದೆ ನಿಲ್ಲಿಸಿದರೆ ನಾನು ಮತ್ತೆ ಅದನ್ನೇ ಬೇಡುತ್ತೇನೆ.

ಕಪ್ಪು, ಬಿಳಿ

ಚಿತ್ರಗಳು ಕಂಪ್ಯೂಟರಿನ ಪರದೆಯ ಮೇಲೆ ಬಂದ ದಿನ ಹೊರಗೆ ಸಣ್ಣ ಮಳೆ ಹಿಡಿದಿತ್ತು. ಮೊರಿ ನನಗೆ ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಂತಳು.

ಇಡೀ ಇಲಿ, ಮೂಗಿನಿಂದ ಬಾಲದ ತನಕ, ನೆರಳಿನಂತೆ ಮಲಗಿತ್ತು. ಬಾಲದಲ್ಲಿ ಔಷಧ ಹತ್ತಿದ ಜಾಗ ಕಂಡಿತು. ಯಕೃತ್ತು ಕಾಡಿಗೆಯಷ್ಟು ಕಪ್ಪು. ಮೂತ್ರಪಿಂಡ ಕಪ್ಪು. ಕರುಳಿನ ಸುರುಳಿಗಳಲ್ಲಿ ಕಪ್ಪು. ಹೃದಯ, ಪುಪ್ಪುಸ ಬೂದು. ನಾನು ಬೇಕೆಂದೇ ಹಿಂದಿನಿಂದ ಮುಂದಕ್ಕೆ ನೋಡುತ್ತ ಬಂದೆ, ಒಂದೊಂದು ಸ್ಟಾಪಿನಲ್ಲಿ ನಿಂತು. ಕುತ್ತಿಗೆ ದಾಟಿದೆ.

ಮಿದುಳು ಬೆಳ್ಳಗಿತ್ತು. ಸುತ್ತ ಎಲ್ಲ ಕಪ್ಪು ಬೂದು ಇದ್ದು, ನಡುವೆ ಬಾದಾಮಿಯಾಕಾರದ ಒಂದು ಬಿಳಿ ತುಂಡು. ಮುಂದಿನ ಇಲಿಯನ್ನು ತೆರೆದೆ. ಅದರದೂ ಬಿಳಿ. ಒಂದು ದಿನ ಕಳೆದ ಮೇಲಿನ ಇಲಿ, ಅದೂ ಬಿಳಿ. ಅಷ್ಟರಲ್ಲಿ ಮಿದುಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಎಳ್ಳಿನಷ್ಟು. ತೋರುಬೆರಳು ನೀಡಿ, "ಇಲ್ಲಿ," ಎಂದು ಕನ್ನಡದಲ್ಲೇ ಕೂಗಿದೆ.

ಮೊರಿ ಬಗ್ಗಿ ನೋಡಿದಳು.

"ಅದು ಪಿಟ್ಯುಟರಿ ಗ್ರಂಥಿ. ಗೋಡೆಯ ಹೊರಗಿದೆ."

ಅದು ನನಗೂ ಗೊತ್ತಿತ್ತು. ಓದಿದವಳೇ, ಪರೀಕ್ಷೆಯಲ್ಲಿ ಬರೆದವಳೇ. ಆ ಒಂದು ಕ್ಷಣ ಗೊತ್ತಿಲ್ಲದವಳಾಗಿದ್ದೆ, ಅಷ್ಟೇ. ಮೊರಿ ನನ್ನ ಭುಜದ ಮೇಲೆ ಕೈಯಿಟ್ಟಳು. ಅಲ್ಲಿಯ ಜನ ಸುಮ್ಮಸುಮ್ಮನೆ ಯಾರನ್ನೂ ಮುಟ್ಟುವುದಿಲ್ಲ. ಆಗ ನಾನು ಅತ್ತುಬಿಟ್ಟೆ.

ಸಂಜೆ ಫೋನು ಮಾಡಿದೆ. ನಾಳೆ ಹೇಳಿದರಾಯಿತು, ಊರಿಗೆ ಹೋಗಿ ಹೇಳಿದರಾಯಿತು ಎಂದು ಮನಸ್ಸು ಎಳೆಯಿತು. ಆದರೆ ಬಸ್ ಇಲ್ಲಂದರೆ ಇಲ್ಲ ಎಂದು ಹೇಳುವ ಮಾತು ಕೊಟ್ಟಿದ್ದೆ.

"ಅಕ್ಕಾ, ಇವತ್ತ ನೋಡಿದೆ."

"ಹೂಂ."

"ಅಗಸಿ ಮಟಾ ಬಂತಕ್ಕಾ. ಊರಾಗ ಬರಲಿಲ್ಲ."

ಊರ ಹೆಬ್ಬಾಗಿಲಲ್ಲೇ ತಿರುಗಿಹೋಗುವ ಬಸ್ಸನ್ನು ಅವಳು ಬಲ್ಲಳು. ಅತ್ತ ಕಡೆ ಅವ್ವ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಎಲ್ಲೋ ದೂರದಲ್ಲಿ ಬಸ್ಸಿನ ಹಾರ್ನ್. ಆ ಒಂದು ಹಾರ್ನಿಗೆ ನಾನು ಎದ್ದು ಓಡಿಬಿಡಬೇಕು ಅನ್ನಿಸಿತು. ಸಮುದ್ರ ನಡುವೆ ಇಲ್ಲದಿದ್ದರೆ ನಡೆದೇ ಹೊರಡುತ್ತಿದ್ದೆ.

"ಅಗಸಿ ಮಟಾ ಬಂದಿತ್ತಂದ್ರ ಡ್ರೈವರ್ ಕೆಟ್ಟಾಂವ ಅಲ್ಲ ಬಿಡು," ಎಂದಳು ಅಕ್ಕ. "ರಸ್ತೆ ಇಲ್ಲಂದ್ರ ಅಂವ ಏನ ಮಾಡ್ಯಾನು." ಆಮೇಲೆ ದನಿ ಸಣ್ಣದಾಯಿತು. "ಸುಮಿ, ಔಷಧ ಹೋಗ್ಲಿ ಬಿಡು. ನೀ ಬಾ."

ಮತ್ತೆ ಸವದತ್ತಿ

ಹೊರಡುವ ದಿನ ಹಾನಾ ಅಜ್ಜಿ ಮನೆಯ ಔಷಧದ ಪೆಟ್ಟಿಗೆ ತೆರೆದಳು. ತೊಯಾಮಾದ ಔಷಧ ವ್ಯಾಪಾರಿಗಳು ಹಿಂದಿನಿಂದಲೂ ಮನೆಮನೆಗೆ ಪೆಟ್ಟಿಗೆ ಇಟ್ಟುಹೋಗಿ, ಆಮೇಲೆ ಬಂದು ಖರ್ಚಾದದ್ದನ್ನು ತುಂಬಿಕೊಡುತ್ತಾರಂತೆ. ಬಂದಾಗ ಮಕ್ಕಳಿಗೆ ಕಾಗದದ ಬಲೂನು, ನಮ್ಮ ಕಡೆಯ ಪುಗ್ಗೆ, ಕೊಡುವುದು ವಾಡಿಕೆ. ಮೊರಿಯ ಬಾಯಿಂದ ಅಕ್ಕನ ವಿಷಯ ತಿಳಿದಿದ್ದ ಅಜ್ಜಿ, ಗುಳಿಗೆಗಳನ್ನೆಲ್ಲ ಸರಿಸಿ, ತಳದಲ್ಲಿದ್ದ ಒಂದು ಪುಗ್ಗೆಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು. ಕೆಂಪು, ನೀಲಿ, ಹಳದಿ ಪಟ್ಟಿಗಳ ತೆಳು ಕಾಗದ. ಇದನ್ನು ಯಾವ ಕಸದ ಚೀಲಕ್ಕೆ ಹಾಕಬೇಕು ಎಂದು ಸನ್ನೆಯಲ್ಲಿ ಕೇಳಿದೆ. ಅಜ್ಜಿ ಮೊದಲ ಸಲ ನಕ್ಕಳು.

ಬೆಳಗಾವಿಯಿಂದ ಬೈಲಹೊಂಗಲಕ್ಕೆ ಬಂದು ರಾಮದುರ್ಗದ ಬಸ್ಸು ಹತ್ತಿದೆ. ಅಕ್ಕನ ಬಸ್ಸು. ಬೇರೆ ಯಾರೋ ಹುಡುಗಿ ಟಿಕೆಟು ಹರಿಯುತ್ತಿದ್ದಳು. ನಿಲ್ಲಲು ಜಾಗವಿರಲಿಲ್ಲ, ಯಾರದೋ ಮೂಟೆ ನನ್ನ ಕಾಲ ಮೇಲೆ, ಯಾರದೋ ಕೂಸು ನನ್ನ ಕಿವಿಯ ಹತ್ತಿರ ಅ ಎಂದು ಬಾಯಿ ತೆರೆದಿತ್ತು. ನಾನು ಬಯಸಿ ಬಯಸಿ ಕಾದಿದ್ದ ಗದ್ದಲ ಅದು. ಕಿಟಕಿಯಲ್ಲಿ ಕರಿಮಣ್ಣಿನ ಹೊಲ, ಹಿಂಗಾರಿ ಜೋಳದ ಎಳೆ ಪೈರು, ದೂರದಲ್ಲಿ ಎಲ್ಲಮ್ಮನ ಗುಡ್ಡ. ಸವದತ್ತಿ ಬಂದಾಗ ಕಂಡಕ್ಟರ್ ಹುಡುಗಿ ಕೂಗುವ ಮೊದಲೇ ನಾನು ಬಾಗಿಲಿಗೆ ಬಂದಿದ್ದೆ.

ಅವ್ವ ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದಳು. "ಹೆಸರ ತಪ್ಪತಾಳ ಈಗ. ಗಾಬರಿ ಆಗಬ್ಯಾಡ. ಟ್ರಾಮಿನಾಂವಂದ ಆಟ ಹಿಡದಾಳ."

ಒಳಗೆ ಅಕ್ಕ ಹೊರಸಿನ ಮೇಲೆ ಕೂತಿದ್ದಳು. ಮೈ ಅರ್ಧವಾಗಿತ್ತು. ತೋರುಬೆರಳು ನೀಡಿ, ಒಂದೊಂದಕ್ಕೂ ನಿಂತು ನಿಂತು ಹೇಳುತ್ತಿದ್ದಳು. "ಬಾಗಲಾ. ಕೊಡಾ. ಅಪ್ಪನ ಫೋಟೋ. ಅವ್ವ." ಬೆರಳು ನನ್ನ ಕಡೆಗೆ ಬಂತು. ತುಟಿ ಅಲುಗಿತು. ಪದ ಸಿಗಲಿಲ್ಲ. ಬೆರಳು ಹಾಗೆಯೇ ನಿಂತಿತ್ತು. ನಾನು ಹೇಳಿಕೊಡಲಿಲ್ಲ, ಕಾದೆ. ಅಷ್ಟು ದೂರದಿಂದ ಬಂದವಳಿಗೆ ಇದೊಂದು ಕಾಯುವುದು ದೊಡ್ಡದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ, ಕಣ್ಣೀರು ಹರಿಯತೊಡಗಿತು.

"ಅಳತಾಳ," ಎಂದಳು ಅಕ್ಕ, ಬೆರಳು ಇಳಿಸದೆ. "ಸುಮಿ."

ಪುಗ್ಗೆಯನ್ನು ಅವಳ ಕೈಗೆ ಕೊಟ್ಟೆ. ಊದಿದಳು. ವರ್ಷಗಟ್ಟಲೆ ಸೀಟಿ ಊದಿದ ಬಾಯಿ, ಒಂದೇ ಉಸಿರಿಗೆ ತುಂಬಿತು. ಅಂಗೈಯಿಂದ ನನ್ನ ಕಡೆಗೆ ತಟ್ಟಿದಳು, ನಾನು ಅವಳ ಕಡೆಗೆ ತಟ್ಟಿದೆ. ಹೀಗೆ ಬಹಳ ಹೊತ್ತು ಆಡಿದೆವು. ಆಮೇಲೆ ಅವಳು ಪುಗ್ಗೆಯನ್ನು ಹಿಡಿದು ನಿಲ್ಲಿಸಿ, ಈಗಷ್ಟೇ ನೆನಪಾದವಳಂತೆ ಕೇಳಿದಳು.

"ಏ, ಔಷಧ ತಲಿಗೆ ಹೋತೇನ?"

ನಾನು ಅವ್ವನ ಮುಖ ನೋಡಿದೆ. ಅವ್ವ ಬೇರೆ ಕಡೆ ತಿರುಗಿದಳು. ಫೋನಿನಲ್ಲಿ ಹೇಳಿದ್ದು, ಅವಳು ಡ್ರೈವರನ್ನು ಕ್ಷಮಿಸಿದ್ದು, ಯಾವುದೂ ಅವಳಲ್ಲಿ ಉಳಿದಿರಲಿಲ್ಲ. ಹೋಯಿತಕ್ಕಾ ಎಂದರೆ ಯಾರೂ ನನ್ನನ್ನು ಕೇಳುವವರಿರಲಿಲ್ಲ. ಅವಳು ಮಾತ್ರ ಇದ್ದಳು, ಯಾವ ಪ್ಯಾಸೆಂಜರಿಗೂ ಸುಳ್ಳು ಹೇಳದವಳು.

"ಅಗಸಿ ಮಟಾ ಬಂತಕ್ಕಾ. ಊರಾಗ ಬರಲಿಲ್ಲ."

"ಹೋಗ್ಲಿ ಬಿಡು," ಎಂದಳು.

ಈಗ ಇಲ್ಲಿಯೇ ಇದ್ದೇನೆ, ರಜೆ ಹಾಕಿ. ಅವಳು ದಿನಾ ಕೇಳುತ್ತಾಳೆ. ಬೆಳಿಗ್ಗೆ ಕೇಳಿ ಮಧ್ಯಾಹ್ನ ಮತ್ತೆ ಕೇಳುತ್ತಾಳೆ. ಪ್ರತಿ ಸಲವೂ ನಾನು ಅದೇ ಖರೆಯನ್ನು ಹೇಳುತ್ತೇನೆ, ಪ್ರತಿ ಸಲವೂ ಅವಳ ಮುಖ ಒಂದು ಕ್ಷಣ ಇಳಿಯುತ್ತದೆ. ಹೋಗಲಿ ಬಿಡು ಅನ್ನುತ್ತಾಳೆ. ಆಮೇಲೆ ತೋರುಬೆರಳು ಎತ್ತಿ, ನನ್ನ ಕಡೆಗೆ ನೇರ ಮಾಡಿ, ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ ಕೂಗುತ್ತಾಳೆ.

"ಸುಮಿ. ಬಂದಾಳ."